ಬ್ರೇಕಿಲ್ಲದ್ದು

ಚೀಟಿ ಎತ್ತಿದೆ. ಕಸರು ಕಳೆದು
ಕೈಗೆ ಬಂದದ್ದು ಹದಿನಾಲ್ಕು ಸಾವಿರದ ಇನ್ನೂರು.
ಹಳೆ ಜಾಬ್ ಕಾರ್ಡಿನ ಬೆನ್ನಿಗೆ
ಗ್ರೀಸು ಹತ್ತಿದ ಪೆನ್ನಲ್ಲಿ ಬರೆದುಕೊಂಡೆ:
ಫ್ರೇಮು, ಗಾಲಿ, ಕ್ರ್ಯಾಂಕು, ಸರಪಳಿ.
ಎದುರಿಗೆ ಬೆಲೆ ಬರೆಯಲು ಹೆದರಿ
ಮಡಚಿ ಟಿಫಿನ್ ಡಬ್ಬಿಯ ಅಡಿಗಿಟ್ಟೆ.

ಹಾಸನ ಡಿಪೋದ ಮೂರನೇ ಪಿಟ್ಟಿನಲ್ಲಿ
ಒಂಬತ್ತು ವರ್ಷದಿಂದ ನನ್ನ ಕೆಲಸ ಬ್ರೇಕು.
ಶಿರಾಡಿ ಇಳಿದು, ಮತ್ತೆ ಹತ್ತಿ ಬಂದ ಬಸ್ಸಿನ ಡ್ರಮ್ಮು
ಒಲೆಯಿಂದ ಇಳಿಸಿಟ್ಟ ಕಾವಲಿಯ ಹಾಗೆ
ಎಷ್ಟು ಹೊತ್ತಾದರೂ ಆರುವುದಿಲ್ಲ.
ಲೈನಿಂಗ್ ಸವೆದಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ ನನಗೆ.
ಐವತ್ತೈದು ಜನರನ್ನು ನಿಲ್ಲಿಸುವವಳು ನಾನು.
ಹೀಗಂತ ಯಾರೂ ಹೇಳಿಲ್ಲ, ನಾನೇ ಹೇಳಿಕೊಂಡದ್ದು.

ಪೆನ್ಶನ್ ಮೊಹಲ್ಲಾದ ಇನಾಯತ್ ಭಾಯಿ
‘ಟ್ರ್ಯಾಕ್ ಸೈಕಲ್ಲಿಗೆ ಬ್ರೇಕೇ ಇರಲ್ಲಮ್ಮ’ ಅಂದಾಗ
ನಕ್ಕೆ. ಆಮೇಲೆ ಸ್ಟೂಲೆಳೆದು ಕೂತೆ.
ಮೊಳೆಗೆ ನೇತುಹಾಕಿದ ಹಳೆಯದೊಂದನ್ನು ತಿರುಗಿಸಿ ತೋರಿಸಿದರು:
ಫ್ರೀವೀಲಿಲ್ಲ, ಆ ಟಿಕಟಿಕ ಇಲ್ಲ,
ಚಕ್ರ ತಿರುಗಿದರೆ ಕಾಲು ತಿರುಗಲೇಬೇಕು,
ನಿಲ್ಲಬೇಕೆಂದರೆ ಮೊದಲು ಕಾಲಿಗೇ ಹೇಳಬೇಕು.
‘ಸುಮ್ಮನೆ ಉರುಳಿಕೊಂಡು ಹೋಗೋ ಸುಖ ಇದರಲ್ಲಿಲ್ಲ.’

ಫ್ರೇಮು ಅವರ ಅಟ್ಟದ್ದು. ನೀಲಿ, ಉಕ್ಕು, ಮೂರೂವರೆ ಸಾವಿರ.
ಯಾರೋ ಅರಸೀಕೆರೆಯ ರೈಲ್ವೆ ಹುಡುಗ ಓಡಿಸಿ ಬಿಟ್ಟದ್ದಂತೆ.
ಕಾರ್ಬನ್ನಿನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ,
ಮದುವೆ ಮನೆಯಲ್ಲಿ ಹಳೆ ಜಗಳ ಎತ್ತದ ಹಾಗೆ.
ಬಗ್ಗಿ ಬೆಸುಗೆ ನೋಡಿದೆ. ಉಗುರಲ್ಲಿ ಗೀರಿದೆ.
ಹ್ಯಾಂಡಲ್ಲಿನ ಬುಡದ ಕೆಳಗೆ ಬಣ್ಣ ಸುಕ್ಕಾಗಿದ್ದರೆ
ಎಲ್ಲೋ ಗುದ್ದಿದೆ ಎಂದರ್ಥ. ಸುಕ್ಕಿರಲಿಲ್ಲ.
ನನ್ನ ಕಾಲಿನ ಒಳ ಅಳತೆ ಬೇಕೆಂದು
ಟೇಪನ್ನು ನನ್ನ ಕೈಗೇ ಕೊಟ್ಟು
ಭಾಯಿ ಅಷ್ಟು ಹೊತ್ತೂ ಬೀದಿ ನೋಡಿದರು.

ಎಲ್ಲಿ ಸುರಿಯಬೇಕು, ಎಲ್ಲಿ ಮುಷ್ಟಿ ಬಿಗಿಯಬೇಕು?
ಬಸ್ಸು ಕಲಿಸಿದ್ದಿಷ್ಟು: ನೆಲ ಮುಟ್ಟುವುದಕ್ಕೆ ಮೊದಲು ಕೊಡು,
ಕಣ್ಣಿಗೆ ಹೊಡೆಯುವುದಕ್ಕೆ ಕೊನೆಗೆ.
ಗಾಲಿಗೆ ಆರು ಸಾವಿರದ ಇನ್ನೂರು ಎಣಿಸಿದೆ, ಎರಡು ಸಲ.
ಹ್ಯಾಂಡಲ್ಲು ಗುಜರಿಯದು, ಮುನ್ನೂರು.
ಸೀಟು ನನ್ನ ಹಳೆ ಸೈಕಲ್ಲಿನದೇ,
ಅದಕ್ಕೆ ನಾನು ಗೊತ್ತು.
ಸರಪಳಿ ಮಾತ್ರ ಹೊಸದು. ಚೌಕಾಸಿ ಮಾಡಲಿಲ್ಲ.
ಬ್ರೇಕಿಲ್ಲದ ಕಡೆ ಸರಪಳಿಯೇ ಬ್ರೇಕು.

ಹಿಂದಿನ ಹಲ್ಲುಚಕ್ರ ಬಿಚ್ಚಿಕೊಳ್ಳದಂತೆ
ಅದರ ಮೇಲೊಂದು ಎಡಮುರಿ ಬಳೆ.
ಲೋಕವೆಲ್ಲ ಬಲಕ್ಕೆ ಬಿಗಿಯುವಾಗ ಇದು ಎಡಕ್ಕೆ.
ಅದರ ಮರೆ ಸವೆದಿತ್ತು. ಲೇತಿನ ಪುಟ್ಟಸ್ವಾಮಾಚಾರ್ರು
ಕನ್ನಡಕ ಏರಿಸಿ, ತಿದ್ದಿ, ಊದಿ ಕೊಟ್ಟರು.
ದುಡ್ಡು ಬೇಡ ಅಂದರು. ಆಮೇಲೆ ನೂರು ತಗೊಂಡರು.

ಮುಂದೆ ನಲವತ್ತೆಂಟು ಹಲ್ಲು.
ಹಿಂದೆ ಹದಿನಾಲ್ಕೋ, ಹದಿನೈದೋ?
‘ಹದಿನಾಲ್ಕು ಓಡುತ್ತೆ, ಆದರೆ ಮಂಡಿ ಬಾಡಿಗೆ ಕೇಳುತ್ತೆ.’
ಒಂದೇ ಒಂದು ಹಲ್ಲಿಗಾಗಿ ಎರಡು ರಾತ್ರಿ ನಿದ್ದೆ ಕೆಟ್ಟೆ.
ಕ್ರೀಡಾ ಹಾಸ್ಟೆಲ್ಲಿನ ಹುಡುಗಿಯರಿಗೆ ಹದಿನಾರು,
ನನಗೆ ಮೂವತ್ತನಾಲ್ಕು.
ಇರಲಿ, ಹದಿನೈದು.

ಫೋರ್‌ಮನ್ ಬೋರಲಿಂಗಯ್ಯ ಅಂದ:
‘ಇದೇ ದುಡ್ಡಿಗೆ ಹಳೇ ಸ್ಕೂಟರ್ ಬರ್ತಿತ್ತಲ್ಲ ಜಲಜಾಕ್ಷಿ.’
‘ಬರ್ತಿತ್ತು’ ಅಂದೆ, ಸ್ಪ್ಯಾನರ್ ಒರೆಸುತ್ತಾ.

ಎಲ್ಲ ಕೂಡಿಸಿ ನೋಡಿದರೆ ಕೈ ಬರಿದು.
ಆಗ ಹೊಳೆಯಿತು: ಹೆಲ್ಮೆಟ್ಟು!
ಜಾಬ್ ಕಾರ್ಡಿನ ಮೇಲೆ ಅದನ್ನು ಬರೆದೇ ಇರಲಿಲ್ಲ.
ಬ್ರೇಕಿನವಳು ನಾನು. ಇದು ಬಸ್ಸಾಗಿದ್ದರೆ
ಗೇಟು ದಾಟಲು ನಾನೇ ಬಿಡುತ್ತಿರಲಿಲ್ಲ.

ಹಾಗಾಗಿ ಒಂದನೇ ತಾರೀಖಿನವರೆಗೆ
ಅದು ನಡುಮನೆಯಲ್ಲಿ, ಅಕ್ಕಿ ಡ್ರಮ್ಮಿನ ಪಕ್ಕ.
ರಾತ್ರಿ ಪಾಳಿ ಮುಗಿಸಿ ಬಂದು, ದೀಪ ಹಾಕದೆ,
ಹಿಂದಿನ ಗಾಲಿ ಎತ್ತಿ ಹಿಡಿದು
ಕೈಯಲ್ಲಿ ಪೆಡಲು ತುಳಿಸಿ ಬಿಟ್ಟೆ.
ಸದ್ದೇ ಇಲ್ಲ. ಕತ್ತಲಲ್ಲಿ ಪೆಡಲು ತಾನಾಗಿ ಸುತ್ತುತ್ತಲೇ ಇತ್ತು,
ಯಾರೋ ಕೂತು ತುಳಿಯುತ್ತಿರುವ ಹಾಗೆ.
ಒಂಬತ್ತು ವರ್ಷದ ನನ್ನ ಕೈ
ಹ್ಯಾಂಡಲ್ಲಿನ ತುದಿಗೆ ಹೋಗಿ ಲಿವರು ತಡಕಿತು.
ಟೇಪು ಇನ್ನೂ ಸುತ್ತಿರದ ಕೊಳವೆ,
ತಣ್ಣಗಿತ್ತು.