ನಾಲ್ಕಿಂಚು ಕಾಗದ

ಪ್ರೆಸ್ಸು ಮುಚ್ಚಿ ಹದಿನಾರು ವರ್ಷ.
ಮೊನ್ನೆ ಅಟ್ಟದಿಂದ ಮೊಳೆಯ ಖಾನೆ ಇಳಿಸಿದೆ.
ಸಾಗವಾನಿ. ಮನಿಮನಿಯೊಳಗ ಇನ್ನೂ ಸೀಸದ ಧೂಳ.
'ಕ'ದ ಮನಿಯೊಳಗ ಜಿರಳಿ ಮಲಗಿತ್ತು.
'ಳ'ದ ಮನಿ ಖಾಲಿ; ಅದು ಯಾವತ್ತೂ ನಮಗ ಸಾಲ್ತಿದ್ದಿಲ್ಲ,
ಮದುವಿ ಸೀಸನ್ನಿಗೆ ಬಾಜೂ ಪ್ರೆಸ್ಸಿಂದ
ಬೊಗಸಿಗಟ್ಟಲೆ ಕಡ ತರ್ತಿದ್ವಿ.

ಟಾಂಗಾಕೂಟದ ಹಿಂದ ದಸ್ತಗೀರನ ಗುಜರಿ.
ಒಡದ ಟೀವಿ ಹೊಟ್ಟಿಯಿಂದ ಬಿಚ್ಚಿದ ಸ್ಪೀಕರು,
ನಾಲ್ಕಿಂಚು, ಎಂಟು ಓಮು,
ಅಂಚಿನಾಗ ಇಲಿ ರುಚಿ ನೋಡಿದ ಗುರುತು.
"ಜೋಡಿ ಒಯ್ಯಿರಿ, ನೂರಾ ಎಂಬತ್ತು."
"ಒಂದಕ್ಕ?"
"ನೂರಾ ಐವತ್ತು. ಉಳದ ಒಂದಕ್ಕ
ನಾ ಯಾವೂರಾಗ ವರ ಹುಡುಕ್ಲಿ?"

ಬಿಸ್ಕೀಟಿನಷ್ಟು ಹಸರ ಹಲಗಿ, ಅದ ಆಂಪ್ಲಿಫಾಯರು.
ಕರೆಂಟಿಗೆ ಮಗಳ ಸ್ಕೂಟಿಯ ಮುದಿ ಬ್ಯಾಟರಿ.

ಉಳ್ಳವರ ಪೆಟಗಿಯೊಳಗ ಕೆಲಸ ಹಂಚಿರತಾರ:
ಗುಡುಗಿಗೊಬ್ಬ, ಗೆಜ್ಜಿಗೊಬ್ಬ, ನಡುವ ಒಬ್ಬ ಗುಮಾಸ್ತ.
ನಂದು ಒಂದ ಕಾಗದ. ಗುಡುಗೂ ಅದ, ಗೆಜ್ಜೀನೂ ಅದ.
ನಾನೂ ಹಂಗ ಇದ್ದೆ ಪ್ರೆಸ್ಸಿನಾಗ,
ಮೊಳೆ ಜೋಡಿಸಾಂವ, ಪ್ರೂಫು ತಿದ್ದಾಂವ,
ಮಾಲಕರಿಗೆ ಚಹಾ ತರಾಂವ.

ಮೊದಲ ರಟ್ಟಿನ ಡಬ್ಬಿಯೊಳಗ ಕೂಡಿಸಿದೆ.
ತಂಬೂರಿ ಹಚ್ಚಿದರ ಸೊಳ್ಳಿ ಹಾಡಿತು.
"ನೆಗಡಿ ಆಗೇತೇನು ಅದಕ್ಕ?" ಅಂದಳು ನೀಲಗಂಗಾ,
ಬಳ್ಳೊಳ್ಳಿ ಸುಲಿಯೂದು ಬಿಡದ.

ಆಗ ತಿಳೀತು, ತಗ್ಗಿನ ಸ್ವರ ಅಂದ್ರ ಒತ್ತಕ್ಷರ.
ಕೆಳಗ ನೇತಾಡತೈತಿ, ಯಾರ ಕಣ್ಣಿಗೂ ಬೀಳೂದಿಲ್ಲ,
ಉದುರಿದಾಗ ಗೊತ್ತಾಗತೈತಿ.
ಒಮ್ಮೆ ಗುರುಸಿದ್ದಪ್ಪನ ಕಿರಾಣಿ ಹ್ಯಾಂಡ್‌ಬಿಲ್ಲಿನಾಗ
ಒಂದು ಒತ್ತು ಉದುರಿ
"ನಮ್ಮಲ್ಲಿ ಹಳೇ ಅಕಿ ಸಿಗುವುದು" ಅಂತ ಅಚ್ಚಾಗಿ
ಅವನ ಹೆಣ್ತಿ ಎರಡು ದಿನ ಅಂಗಡಿಗೆ ಬುತ್ತಿ ಕಳಸಲಿಲ್ಲ.

ಉಳಿ ಹಿಡದು ಖಾನೆಯೊಳಗಿನ ಗ್ವಾಡಿ ಕೆಡವಿದೆ.
ಎರಡು ಖಾನೆ ಮುಖಕ್ಕ ಮುಖ ಹಚ್ಚಿ ಪೆಟಗಿ.
ತಂತಿ ಹೊರಗ ಬರಾಕ 'ಳ'ದ ಮನಿಗೆ ತೂತು.
ಸಂಧಿ ಅಂದ್ರ ಬರೇ ವ್ಯಾಕರಣ ಅನಕೊಂಡಿದ್ದೆ,
ಪೆಟಗಿ ಸಂದಿಯೊಳಗ ಗಾಳಿ ಸಿಳ್ಳಿ ಹಾಕಿತು.
ಕಟಗಿ ಪುಡಿ, ಗೋಂದು. ಮತ್ತ ಸಿಳ್ಳಿ. ಮತ್ತ ಗೋಂದು.
ಹೊಟ್ಟಿಗೆ ಹರಕ ಕಂಬಳಿಯ ತುಂಡು.
ಉಸರಾಡಾಕ ನೀರಿನ ಪೈಪು: ಆರು ಬೆರಳು,
ಐದೂವರಿ, ಐದು. ಐದಕ್ಕ ಛಲೋ ಇತ್ತು.
ನಾ ಸುಮ್ಮನಿರಲಿಲ್ಲ, ನಾಲ್ಕೂವರಿಗೆ ಕೊಯ್ದೆ.
ಕೊಯ್ದ ಪೈಪು ಬೆಳಿಯೂದಿಲ್ಲ.
ಮತ್ತ ನಲವತ್ತು ರೂಪಾಯಿ.

ಮೂಲಿಗೆ ಸರಿಸಿ, ಜೋಳದ ಚೀಲದ ಮ್ಯಾಲ ಇಟ್ಟಾಗ
ಒಂದು ರಾತ್ರಿ ಅದರ ಮಾತು ಎದಿಯಿಂದ ಬಂತು.
ತಬಲಾದ ಎಡಕ್ಕ ಮಾಂಸ ಹತ್ತಿತ್ತು.
ಹತ್ತು ನಿಮಿಷ. ಆಮ್ಯಾಲ ಬ್ಯಾಟರಿ ಸತ್ತಿತು.

ತಂತಿ ಬಿಚ್ಚಿ, ಸುಮ್ಮನ, ಬಿಸಿ ಐತೇನು ನೋಡಾಕಂತ
ಕಾಗದದ ಮ್ಯಾಲ ಬೆರಳಿಟ್ಟೆ.
ನಡಗತಿತ್ತು.
ಗ್ವಾಡಿ ಆಚೆ ಬೆಟಗೇರಿಯ ಮಗ್ಗ ರಾತ್ರಿ ಪಾಳಿ ನಡಸಿದ್ವು,
ಲಾಳಿ ಹೋದಾಗೊಮ್ಮೆ, ಬಂದಾಗೊಮ್ಮೆ.
ಮೂರು ವಾರ ಇದಕ್ಕ ಮಾತು ಕಲಸಾಕ ಹೆಣಗೀನಿ,
ಇದು ಗುಜರಿಯೊಳಗ ಬಿದ್ದಾಗಿಂದ್ಲೂ
ಊರನ್ನ ಕೇಳಕೋತ ಕುಂತಿತ್ತೋ ಏನೋ.

ಅಡಗಿಮನಿಯಿಂದ ಬಂದ ನೀಲಗಂಗಾ
ಕತ್ತಲೊಳಗ ಹಿಂದ ನಿಂತು ಅಂದಳು:
"ಅಕ್ಕಿ ತೀರೇತಿ. ಪೈಪು ತಂದ ಕೈಲೆ ಅದನ್ನೂ ತರ್ರಿ."
ಬೆರಳಿಗೆ ಆ ಒತ್ತು ತಾಗಿತು.
ಸುಳ್ಳಿರಬಹುದು. ಆದರ ತಾಗಿತು.

ಇನ್ನೊಂದು ಸ್ಪೀಕರು ಪೇಪರಿನಾಗ ಸುತ್ತಿಟ್ಟೀನಿ,
ಇಲಿಗೆ ಸಿಗದಂಗ, ಹಿಟ್ಟಿನ ಡಬ್ಬಿ ಮ್ಯಾಲ.