ಗಂಟು

ಬೆಳಗ್ಗೆ ಆರೂಮುಕ್ಕಾಲಿಗೆ ಬಾಗಿಲು ತೆಗೆಯುವವನು ನಾನು.
ಡೆಟ್ರಾಯಿಟ್ಟಿನ ಪಶ್ಚಿಮಕ್ಕೆ, ಬೀಗ ಬಿದ್ದ ಕಾರ್ಖಾನೆಯ ಎದುರು
ಬರೀ ಗಂಡುಹುಡುಗರ ಸರ್ಕಾರಿ ಶಾಲೆ.
ಹಿಮ ಕೊಡವಿಕೊಂಡು ಬರುತ್ತಾರೆ ನಾನೂರ ಹನ್ನೊಂದು ಮಂದಿ
ಲೋಹ ಹುಡುಕುವ ಚೌಕಟ್ಟಿನಡಿ ಒಬ್ಬೊಬ್ಬರೇ.
ಅದು ಅರಚುವುದು ಬೆಲ್ಟಿನ ಬಕಲಿಗೆ,
ಒಮ್ಮೆ, ಯಾರದೋ ಅಜ್ಜಿ ಊಟಕ್ಕೆಂದು ಜೇಬಿಗಿಟ್ಟ ಚಮಚಕ್ಕೆ.

ನನ್ನ ಮೇಜಿನಡಿ ಒಂದು ಶೂ ಡಬ್ಬಿ. ಅದರ ತುಂಬ ಟೈ.
ಮರೆತವರಿಗೆ, ಕಳೆದವರಿಗೆ,
ಒಗೆದದ್ದು ಒಣಗದೆ ಬಂದವರಿಗೆ.
ಗಂಟು ಹಾಕಲು ಬಾರದವರು ಎದುರು ನಿಂತು
ಗದ್ದ ಎತ್ತುತ್ತಾರೆ, ಕ್ಷೌರಕ್ಕೆ ಕೂತ ಹಾಗೆ.
ಅಗಲದ ತುದಿ ಮೇಲೆ, ಒಂದು ಸುತ್ತು, ಒಳಗಿಂದ ತೂರಿಸು, ಎಳೆ.
ಈಗಷ್ಟೇ ಒಡೆದ ದನಿ ಗಂಟಲಲ್ಲಿ ಹೊರಳುವುದು
ನನ್ನ ಬೆರಳಿಗೆ ತಿಳಿಯುತ್ತದೆ.

ನಾನಿದನ್ನು ಕಲಿತದ್ದು ಶವಸಂಸ್ಕಾರದ ಮನೆಯಲ್ಲಿ.
ಆರು ವರ್ಷ ದುಡಿದೆ, ಮಾತಾಡದ ಕೊರಳುಗಳ ಮೇಲೆ.
ಕೆಲವು ಹದಿನಾರರವು.
ಹುಡುಗರಿಗೆ ಇದನ್ನು ಹೇಳಿಲ್ಲ.

ಟೆರಿಯನ್ ಮೋಸ್‌ಬಿ ದಿನವೂ ತಡ.
ತಂಗಿಯನ್ನು ಅವಳ ಶಾಲೆಗೆ ಬಿಟ್ಟು
ಎರಡು ಬಸ್ಸು ಬದಲಾಯಿಸಿ ಬರಬೇಕು.
ಮೂರು ಸಲ ತಡವಾದರೆ ಶನಿವಾರವೂ ಶಾಲೆ. ನಿಯಮ.
ಎಂಟು ಗಂಟೆ ಐದು ನಿಮಿಷಕ್ಕೆ ಬಂದವನನ್ನು
ಏಳು ಐವತ್ತೆಂಟು ಎಂದು ಬರೆದಿದ್ದೇನೆ,
ನಾಲ್ಕು ವರ್ಷ.
ಶ್ರೀಮತಿ ಗ್ರಿಗ್ಸ್‌ಬಿ, ಉಪಪ್ರಾಂಶುಪಾಲರು,
ಒಮ್ಮೆ ನನ್ನ ಕೈಗಡಿಯಾರ ನೋಡಿದರು,
ಆಮೇಲೆ ಕಿಟಕಿ ನೋಡಿದರು.

ಮೊಗಸಾಲೆಯಲ್ಲಿ ಯಾವುದೋ ಹಡಗಿನ ಹಿತ್ತಾಳೆ ಗಂಟೆ.
ಕಾಲೇಜಿನಿಂದ ಪತ್ರ ಬಂದವನು ಬಾರಿಸಬೇಕು.
ಮಾರ್ಚಿನಲ್ಲಿ ಪಾಠ ನಡುವೆಯೇ ನಿಲ್ಲುತ್ತದೆ,
ಗಣಿತದ ಮೇಷ್ಟ್ರೂ ಬೆಂಚು ಬಡಿಯುತ್ತಾರೆ.
ಟೆರಿಯನ್ನನಿಗೂ ಬಂತು. ಬಾರಿಸಲಿಲ್ಲ.
"ಸೀಟು ಕೊಟ್ಟಿದ್ದಾರೆ. ನಾಲ್ಕು ಸಾವಿರ ಡಾಲರು ಕಡಿಮೆ ಬೀಳುತ್ತೆ.
ಅಮ್ಮನ ಹತ್ತಿರ ಅಷ್ಟು ಗಂಟು ಎಲ್ಲಿ?"
ಗಂಟೆಯ ಹಗ್ಗ ಮುಟ್ಟಿ ಬಿಟ್ಟ,
ಕಾದಿದೆಯೋ ಎಂದು ಹಂಚು ಮುಟ್ಟಿದಂತೆ.
ನಾನು ಏನಾದರೂ ಹೇಳಬೇಕಿತ್ತು.
ಬಸ್ಸು ಬಂತೇನೋ ನೋಡು, ಅಂದೆ.

ಜೂನ್, ಕೊನೆಯ ದಿನ. ಹುಡುಗರು ಟೈ ಕಿತ್ತು
ಗಾಳಿಯಲ್ಲಿ ಬೀಸಿದರು, ಹಣೆಗೆ ಬಿಗಿದರು, ಮರಕ್ಕೆಸೆದರು.
ಮೊದಲ ವರ್ಷ ಎರವಲು ಒಯ್ದ ನೀಲಿಯದನ್ನು
ಅವನು ತಂದು ಡಬ್ಬಿಯಲ್ಲಿಟ್ಟ.
ಬಿಚ್ಚಿರಲಿಲ್ಲ, ಸಡಿಲಿಸಿ ತಲೆಯಿಂದ ತೆಗೆದದ್ದು.
ಎಡಕ್ಕೆ ತುಸು ವಾಲಿದ ಗಂಟು. ನನ್ನದಲ್ಲ, ಅವನದೇ.
"ಆಗಸ್ಟಿನವರೆಗೆ ಟೈರ್ ಅಂಗಡಿ," ಅಂದ. "ಆಮೇಲೆ ನೋಡಬೇಕು."

ಬೇಸಗೆಯಲ್ಲಿ ಡಬ್ಬಿ ಮನೆಗೊಯ್ದು
ಎಲ್ಲ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಸುರುಳಿ ಸುತ್ತುತ್ತೇನೆ.
ಅದೊಂದನ್ನು ಹಾಗೇ ಬಿಟ್ಟೆ.

ಸೆಪ್ಟೆಂಬರಿನಲ್ಲಿ ಒಬ್ಬ ಹೊಸಬ, ಕಿವಿಯೇ ಮುಖಕ್ಕಿಂತ ದೊಡ್ಡದು,
ಡಬ್ಬಿಗೆ ಕೈಹಾಕಿ ಅದನ್ನೇ ಎತ್ತಿದ,
ತಲೆ ತೂರಿಸಿ ಎಳೆದುಕೊಂಡು
"ಸರಿ ಇದೆಯಾ?" ಅಂದ.
ಹೊರಗೆ ಅವನ ಬಸ್ಸು ಆಗಲೇ ಹೊರಟಾಗಿತ್ತು.
ವಾಲಿದೆ, ಅಂದೆ. ಇರಲಿ, ನಡಿ.
ಏಳು ಐವತ್ತೆಂಟು ಎಂದು ಬರೆದೆ.