ನಾಲ್ಕು ಚುಕ್ಕಿ

ಮಧ್ಯಾಹ್ನ ಮೂರಕ್ಕೇ ಕತ್ತಲು. ಔಲುವಿನಲ್ಲಿ ನವೆಂಬರ್ ಅಂದರೆ ಇಷ್ಟೇ.
ಗ್ರಂಥಾಲಯದ ಎರಡನೇ ಮಹಡಿಯಲ್ಲಿ ನಾನು, ಹೀಟರು, ಒಂದು ಪರದೆ.
ಡೀನರ ಕಚೇರಿಯಿಂದ ಚೀಟಿ ಬಂದಿದೆ:
"ಹಿಲ್ಲೆವಿ ಕ್ಯಾರ್ಪ್ಯಾ, ನರವಿಜ್ಞಾನ. ಎಂಬತ್ತು ತುಂಬುತ್ತದೆ.
ಎಷ್ಟು ಬರೆದರು, ಎಷ್ಟು ಜನ ಉಲ್ಲೇಖಿಸಿದರು,
ಭಾಷಣಕ್ಕೆ ಒಂದು ಅಂಕಿ ಬೇಕು, ಶುಕ್ರವಾರದೊಳಗೆ."

ಹುಡುಕಿದರೆ ಇಬ್ಬರು ಹೆಂಗಸರು.
ಕ್ಯಾರ್ಪ್ಯಾ: ಪ್ರಬಂಧ ಹತ್ತೊಂಬತ್ತು, ಉಲ್ಲೇಖ ಇನ್ನೂರ ಹನ್ನೆರಡು.
ಕಾರ್ಪಾ: ಪ್ರಬಂಧ ಒಂದೇ ಒಂದು,
ಉಲ್ಲೇಖ ಮೂರು ಸಾವಿರದ ಒಂಬೈನೂರ ಆರು.
ಎಪ್ಪತ್ತನಾಲ್ಕರಲ್ಲಿ ಯಾವುದೋ ದೂರದ ಅಚ್ಚುಕೂಟದವನ ಪೆಟ್ಟಿಗೆಯಲ್ಲಿ
ನೆತ್ತಿಗೆ ಚುಕ್ಕಿಯಿದ್ದ ಮೊಳೆ ಇರಲಿಲ್ಲ.
ಸುಮ್ಮನೆ ಬಿಟ್ಟ.
ಬಿಟ್ಟ ಚುಕ್ಕಿಗಳಿಂದ ಒಬ್ಬಳು ಹುಟ್ಟಿ, ಬೆಳೆದು, ಲೋಕಪ್ರಸಿದ್ಧಳಾದಳು.

ನಮ್ಮ ಭಾಷೆಯಲ್ಲಿ ಇದು ಸಣ್ಣ ಮಾತಲ್ಲ.
ಚುಕ್ಕಿಯಿಟ್ಟರೆ 'ನೋಡಿದೆ'; ಅಳಿಸಿದರೆ ಅದೇ ಪದ
'ಮದುವೆಯಾಗುತ್ತೇನೆ'.
ಇವರು ಮದುವೆಯಾಗಲಿಲ್ಲ. ನೋಡಿದರು.

ನೋಡಿದ್ದು ಲ್ಯಾಂಪ್ರೇ, ದವಡೆಯೇ ಇಲ್ಲದ ಮೀನು,
ಒದ್ದೆ ಹಗ್ಗದಂಥದ್ದು.
ಬೆನ್ನುಹುರಿ ಕತ್ತರಿಸಿ ತಣ್ಣೀರಿಗೆ ಬಿಟ್ಟರೆ
ಹನ್ನೆರಡು ವಾರಕ್ಕೆ ಮತ್ತೆ ಈಜುತ್ತದೆ.
ತುಂಡಾದ ಎಳೆಗಳು ಗಾಯ ದಾಟಿ ಹೊರಡುತ್ತವೆ,
ತಮ್ಮ ಮನೆ ಸಿಗದೆ ಪಕ್ಕದ ಯಾರದೋ ಕದ ತಟ್ಟಿ
ಸಿಕ್ಕ ಜಗಲಿಯಲ್ಲೇ ಕೂರುತ್ತವೆ.
ಆದರೂ ಈಜುತ್ತದೆ, ಅಂತ ಬರೆದರು. ಆರು ಪುಟ.

ಓದಿದವರೆಷ್ಟು ಮಂದಿ? ಕೆಟ್ಟ ಚಟ ನನ್ನದು, ಎಣಿಸಿದೆ.
ಯಾರೋ ಒಬ್ಬ ಪುಟ ನೂರ ಹದಿನೇಳನ್ನು ನೂರ ಎಪ್ಪತ್ತೊಂದು ಮಾಡಿದ.
ಅವನ ಹಿಂದೆ ಮುನ್ನೂರ ನಲವತ್ತು ಜನ, ನೂರ ಎಪ್ಪತ್ತೊಂದು.
ಆ ಸಂಚಿಕೆ ನೂರ ಅರವತ್ತಕ್ಕೇ ಮುಗಿಯುತ್ತದೆ,
ಇಲ್ಲೇ ಕಪಾಟಿನಲ್ಲಿದೆ.
ಆದರೂ, ಏನು ಹೇಳಲಿ, ಈಜುತ್ತಿದೆ.

ಫೋನ್ ಮಾಡಿದೆ. ಇಬ್ಬರಲ್ಲಿ ನೀವು ಯಾರು?
"ಯಾರ ಉಗುರಲ್ಲಿ ಮೀನಿನ ವಾಸನೆಯೋ ಅವಳು."
ಸ್ವಲ್ಪ ತಡೆದು, "ಕೊನೇ ಪುಟದಲ್ಲಿ ಅಡಿಟಿಪ್ಪಣಿ ಇದೆಯಾ?"
ಇತ್ತು, ಇರುವೆ ಗಾತ್ರದ ಅಕ್ಷರ:
ನಾನೂರ ಹನ್ನೆರಡು ಮೀನುಗಳಿಗಾಗಿ
ಕಲಾಯೋಕಿ ನದಿಯ ಎಯ್ನೊ ರಹ್ಕೊಲರಿಗೆ ಕೃತಜ್ಞತೆ.
"ಒಂದಕ್ಕೂ ದುಡ್ಡು ಮುಟ್ಟಲಿಲ್ಲ.
ಅಕ್ಟೋಬರ್ ನೀರಿನಿಂದ ಬುಟ್ಟಿ ಎತ್ತಿ ಎತ್ತಿ
ಬೆರಳು ಸೆಟೆದುಹೋಗಿದ್ದವು. ಅವನ ಅಂಕಿ ಎಷ್ಟು?"
ಸೊನ್ನೆ, ಅಂದೆ.
ಆ ಕಡೆ ಕೆಟಲು ಕೂಗಿತು. ಫೋನ್ ಇಟ್ಟರು.

ಪರದೆ ಕೇಳುತ್ತಲೇ ಇದೆ: ಇಬ್ಬರೂ ಒಬ್ಬರೇ?
ಹೌದು. ಗೊತ್ತಿಲ್ಲ.
ಹೌದು ಒತ್ತಿದರೆ ನಾಲ್ಕು ಸಾವಿರದ ನೂರ ಹದಿನೆಂಟು,
ಡೀನರಿಗೆ ಧಾರಾಳ ಸಾಕು.
ಒತ್ತುತ್ತೇನೆ. ಅದಕ್ಕೆ ಮೊದಲು ಕಪಾಟಿಗೆ ಹೋಗಿ,
ಹದಿನೆಂಟು ವರ್ಷ ಇದೇ ತಪ್ಪಿಗೆ ಎಷ್ಟೋ ಹುಡುಗರನ್ನು ಬೈದ ನಾನು,
ಆ ಹೆಸರಿನ ಮೇಲೆ ಪೆನ್ಸಿಲಿನಿಂದ
ಒಂದು, ಎರಡು; ಮೂರು, ನಾಲ್ಕು.

ಅಡಿಟಿಪ್ಪಣಿಯನ್ನೂ ತೆಗೆದು ನೋಡಿದೆ.
ಎಯ್ನೊ ರಹ್ಕೊಲ, ಸರಿಯಾಗಿಯೇ ಇದೆ.
ಅವನ ಹೆಸರಿಗೆ ಚುಕ್ಕಿ ಬರುವುದೇ ಇಲ್ಲ.